ಪ್ರಾಚೀನ ಜಗತ್ತಿನ ಕಾದಂಬರಿಗಳ ಸಚಿತ್ರ ಆವೃತ್ತಿಗಳು: ಆರಿಸುವುದು, ಪರೀಕ್ಷಿಸುವುದು, ಉಳಿಸಿಕೊಳ್ಳುವುದು

1862ರಲ್ಲಿ ಪ್ರಾಚೀನ ಕಾರ್ಥೇಜ್ ನಗರದ ಕಥೆ ಹೇಳುವ ‘ಸಲಾಂಬೊ’ ಕಾದಂಬರಿ ಅಚ್ಚಿಗೆ ಸಿದ್ಧವಾಗುತ್ತಿದ್ದಾಗ ಪ್ರಕಾಶಕ ಲೆವಿ ಪುಸ್ತಕದಲ್ಲಿ ಚಿತ್ರಗಳಿರಬೇಕೆಂದು ಪಟ್ಟು ಹಿಡಿದ. ಅದರ ಲೇಖಕ, ಫ್ರಾನ್ಸಿನ ಗುಸ್ತಾವ್ ಫ್ಲೋಬೆರ್ ಕೆಂಡಾಮಂಡಲವಾದ. ತಾನು ಬದುಕಿರುವ ತನಕ ತನ್ನ ಬರಹಕ್ಕೆ ಯಾರೂ ಚಿತ್ರ ಹಾಕಕೂಡದು, ಎಂಥ ಸೊಗಸಾದ ವರ್ಣನೆಯನ್ನೂ ಒಂದು ಕಳಪೆ ಚಿತ್ರ ನುಂಗಿಹಾಕುತ್ತದೆ ಎಂದು ಪತ್ರಗಳಲ್ಲಿ ಹರಿಹಾಯ್ದ. ಹ್ಯಾನಿಬಲ್‌ನ ಮುಖವನ್ನೂ ಕಾರ್ಥೇಜಿನ ಕುರ್ಚಿಯನ್ನೂ ಬರೆದು ತೋರಿಸಬಲ್ಲ ಮಹಾನುಭಾವ ಯಾರಿದ್ದಾನೆ, ಕರೆತನ್ನಿ ಎಂದು ಕೇಳಿದ. 1880ರಲ್ಲಿ ಅವನು ತೀರಿಕೊಂಡ. ಆಮೇಲೆ ಆ ಮಹಾನುಭಾವರು ಸಾಲುಗಟ್ಟಿ ಬಂದರು.

ಇಂಥ ಸಚಿತ್ರ ಆವೃತ್ತಿಗಳನ್ನು ಸಂಗ್ರಹಿಸುವ ಹವ್ಯಾಸಕ್ಕೆ ಇಳಿಯುವವರಿಗೆ ಫ್ಲೋಬೆರ್‌ನ ಸಿಟ್ಟು ಬಲು ಉಪಯೋಗಕ್ಕೆ ಬರುತ್ತದೆ. ಯಾವುದೇ ಸಚಿತ್ರ ಆವೃತ್ತಿ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆ ಅವನದೇ: ಈ ಚಿತ್ರ ಬರಹಕ್ಕೆ ಏನನ್ನು ಕೊಟ್ಟಿತು, ಏನನ್ನು ನುಂಗಿತು? ಎರಡನೆಯ ಪ್ರಶ್ನೆಯೊಂದನ್ನು ನಾನು ಸೇರಿಸುತ್ತೇನೆ: ಈ ಚಿತ್ರ ಕಾಗದದ ಮೇಲೆ ಬಂದದ್ದು ಹೇಗೆ? ಚರ್ಮದ ರಟ್ಟು, ಚಿನ್ನದ ಅಂಚು, ‘ಸೀಮಿತ ಪ್ರತಿ’ ಎಂಬ ಘೋಷಣೆ ಎಲ್ಲವೂ ಈ ಎರಡು ಪ್ರಶ್ನೆಗಳ ನಂತರದ ಮಾತು.

ಮೊದಲು ಒಂದೇ ಕಾದಂಬರಿಯನ್ನು ಹಿಡಿಯಿರಿ

ಹೊಸಬರು ಸಾಮಾನ್ಯವಾಗಿ ರೋಮ್, ಈಜಿಪ್ಟ್, ಗ್ರೀಸ್ ಎಂದು ಕಂಡದ್ದನ್ನೆಲ್ಲ ಕೊಳ್ಳುತ್ತಾರೆ. ಕಪಾಟು ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಒಂದು ಕಾದಂಬರಿಯನ್ನು ಆರಿಸಿ, ಅದಕ್ಕೆ ಬೇರೆ ಬೇರೆ ಕಾಲದ ಕಲಾವಿದರು ಬರೆದ ಚಿತ್ರಗಳನ್ನು ಬೆನ್ನಟ್ಟಿ ನೋಡಿ. ಒಂದೇ ದೃಶ್ಯವನ್ನು ಮೂವರು ಬರೆದದ್ದನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಕಣ್ಣು ಕಲಿಯುವಷ್ಟನ್ನು ಮೂವತ್ತು ಬಿಡಿ ಪುಸ್ತಕಗಳು ಕಲಿಸಲಾರವು.

ಹೀಗೆ ಬೆನ್ನಟ್ಟಲು ‘ಸಲಾಂಬೊ’ದಷ್ಟು ಒಳ್ಳೆಯ ಕಾದಂಬರಿ ಇನ್ನೊಂದಿಲ್ಲ. 1900ರಲ್ಲಿ ಪ್ಯಾರಿಸ್ಸಿನ ಫೆರೂ ಪ್ರಕಾಶನ ಜಾರ್ಜ್ ರೊಶ್‌ಗ್ರೋಸ್‌ನ ಚಿತ್ರಗಳೊಂದಿಗೆ ಎರಡು ಸಂಪುಟಗಳನ್ನು ತಂದಿತು. ಎಚ್ಚಿಂಗ್ (ಆಮ್ಲದಿಂದ ಗೆರೆ ಕೊರೆದ ಲೋಹದ ತಗಡಿನಿಂದ ಅಚ್ಚಾಗುವ ಚಿತ್ರ) ತಗಡುಗಳನ್ನು ಕೊರೆದವನು ಶಾಂಪೊಲಿಯೊನ್ (ಈಜಿಪ್ಟಿನ ಲಿಪಿಯನ್ನು ಬಿಡಿಸಿದವನಲ್ಲ, ಅವನು 1832ರಲ್ಲೇ ತೀರಿಕೊಂಡಿದ್ದ). 1923ರಲ್ಲಿ ಎಫ್.ಎಲ್. ಶ್ಮೀಡ್ ಇದೇ ಕಥೆಯನ್ನು ಬಣ್ಣದ ಮರದಚ್ಚುಗಳಲ್ಲಿ ಬಿಡಿಸಿದ. 1927ರಲ್ಲಿ ಅಮೆರಿಕದ ಮೇಲಾನ್ ಬ್ಲೇನ್‌ನ ಚಿತ್ರಗಳ ಆವೃತ್ತಿ ಬಂತು, 1960ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಬಾಡನ್‌ನದು. ರೊಶ್‌ಗ್ರೋಸ್‌ನ ಕಾರ್ಥೇಜ್ ಆ ಕಾಲದ ಪ್ಯಾರಿಸ್ಸಿನ ರಂಗಮಂಟಪದಂತೆ ಒಡವೆ, ಧೂಪ, ರೇಷ್ಮೆಗಳಿಂದ ಕಿಕ್ಕಿರಿದಿದೆ. ಫ್ಲೋಬೆರ್ ಹೆದರಿದ್ದು ಬಹುಶಃ ಇದಕ್ಕೇ. ಶ್ಮೀಡ್ ಮಾತ್ರ ವಿವರಗಳನ್ನು ಕಿತ್ತುಹಾಕಿ ಆಕಾರ ಮತ್ತು ಬಣ್ಣವನ್ನಷ್ಟೇ ಉಳಿಸಿಕೊಂಡ; ನನ್ನ ಮಟ್ಟಿಗೆ ಬರಹವನ್ನು ನುಂಗದೆ ಅದರ ಪಕ್ಕದಲ್ಲಿ ನಿಲ್ಲುವುದು ಅವನದೇ. ಬೆಲೆಯ ಏಣಿಯಲ್ಲೂ ಅವನು ಮೇಲಿನ ಮೆಟ್ಟಿಲಿನಲ್ಲೇ ಇದ್ದಾನೆ ಎಂಬುದು ಬೇಸರದ ಸಂಗತಿ.

ಬುಲ್ವರ್ ಲಿಟ್ಟನ್ 1834ರಲ್ಲಿ ಪ್ರಕಟಿಸಿದ ‘ದ ಲಾಸ್ಟ್ ಡೇಸ್ ಆಫ್ ಪಾಂಪೆ’ಯ ಹಾದಿ ಇದಕ್ಕೆ ತಿರುವುಮುರುವು. ರಷ್ಯಾದ ಕಾರ್ಲ್ ಬ್ರ್ಯುಲ್ಲೊವ್ ಅದೇ ವಿಷಯದ ಮೇಲೆ ಬರೆದಿದ್ದ ಬೃಹತ್ ತೈಲಚಿತ್ರವನ್ನು ಮಿಲಾನ್‌ನಲ್ಲಿ ಕಂಡದ್ದು ಲಿಟ್ಟನ್‌ನನ್ನು ಕಾದಂಬರಿಗೆ ಹಚ್ಚಿತು. ಅಂದರೆ ಇಲ್ಲಿ ಚಿತ್ರವೇ ಮುಂದೆ, ಮಾತು ಹಿಂದೆ. ಪೋಲೆಂಡಿನ ಹೆನ್ರಿಕ್ ಸೆಂಕಿಯೆವಿಚ್‌ನ ‘ಕ್ವೊ ವಾಡಿಸ್’ 1896ರಲ್ಲಿ ಪುಸ್ತಕವಾಗಿ ಬಂದ ಕೆಲವೇ ವರ್ಷಗಳಲ್ಲಿ ಹಲವು ಭಾಷೆಗಳಲ್ಲಿ ಸಚಿತ್ರವಾಯಿತು. ಅವನ ದೇಶದವನೇ ಆದ ಯಾನ್ ಸ್ತಿಕಾ ಬರೆದ ಚಿತ್ರಗಳ ಫ್ರೆಂಚ್ ಆವೃತ್ತಿ ಹಳೆಯ ಪುಸ್ತಕಗಳ ಪೇಟೆಯಲ್ಲಿ ಈಗಲೂ ಸಿಗುತ್ತದೆ.

ಅಮೆರಿಕದ ಲ್ಯೂ ವಾಲೆಸ್ ಬರೆದ, ಏಸುವಿನ ಕಾಲದ ಕಥೆಯಾದ ‘ಬೆನ್ ಹರ್’ ವಿಷಯದಲ್ಲಿ ಒಂದು ಎಚ್ಚರಿಕೆ. 1880ರ ಮೊದಲ ಮುದ್ರಣವನ್ನು ಹುಡುಕುವವರು ಅರ್ಪಣೆಯ ಪುಟದಲ್ಲಿ ‘ನನ್ನ ಯೌವನದ ಮಡದಿಗೆ’ ಎಂಬಷ್ಟೇ ಸಾಲು ಇದೆಯೇ ಎಂದು ನೋಡುತ್ತಾರೆ. ಅದನ್ನು ಓದಿದವರು ಲ್ಯೂ ವಾಲೆಸ್‌ನ ಹೆಂಡತಿ ತೀರಿಕೊಂಡಳೆಂದು ಬಗೆದು ಸಂತಾಪ ಸೂಚಿಸತೊಡಗಿದ್ದರಿಂದ, ಆಕೆ ಇನ್ನೂ ತನ್ನೊಂದಿಗಿದ್ದಾಳೆ ಎಂಬ ಮಾತನ್ನು ಮುಂದಿನ ಮುದ್ರಣಗಳಲ್ಲಿ ಸೇರಿಸಬೇಕಾಯಿತು. ಸೊಗಸಾದ ಕಥೆಯೇ. ಆದರೆ ಆ ಮೊದಲ ಮುದ್ರಣದಲ್ಲಿ ಚಿತ್ರಗಳಿಲ್ಲ. ಸಚಿತ್ರ ಆವೃತ್ತಿಯನ್ನು ಅರಸುವವರಿಗೆ ಬೇಕಾದದ್ದು ಹಾರ್ಪರ್ ಪ್ರಕಾಶನ 1892ರ ಇಸವಿ ಹಾಕಿ ಹೊರತಂದ ‘ಗಾರ್‌ಫೀಲ್ಡ್ ಆವೃತ್ತಿ’. ಕಾದಂಬರಿಯನ್ನು ಮೆಚ್ಚಿ ವಾಲೆಸ್‌ಗೆ ಪತ್ರ ಬರೆದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ನ ಹೆಸರು ಅದಕ್ಕಿದೆ. ಎರಡು ಸಂಪುಟ, 20 ಪೂರ್ಣಪುಟದ ಫೋಟೊಗ್ರೇವ್ಯೂರ್‌ಗಳು (ಛಾಯಾಚಿತ್ರದ ವಿಧಾನದಿಂದ ಲೋಹದ ತಗಡಿನ ಮೇಲೆ ಮೂಡಿಸಿ ಅಚ್ಚು ಮಾಡಿದ ಚಿತ್ರಗಳು), ಅಂಚುಗಳಲ್ಲಿ ವಿಲಿಯಂ ಮಾರ್ಟಿನ್ ಜಾನ್ಸನ್ ಬರೆದ ಸಾವಿರಕ್ಕೂ ಮಿಕ್ಕಿ ಸಣ್ಣ ಚಿತ್ರಗಳು. ಮೊದಲ ಮುದ್ರಣದ ಬೇಟೆಯೂ ಸಚಿತ್ರ ಆವೃತ್ತಿಯ ಬೇಟೆಯೂ ಬೇರೆ ಬೇರೆ. ಎರಡನ್ನೂ ಒಂದೇ ಜೇಬಿನಿಂದ ನಡೆಸಲು ಹೊರಟರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಕೈ ಬಿಗಿಯಾಗಿದ್ದರೆ ಇಪ್ಪತ್ತನೆಯ ಶತಮಾನದ ಮಕ್ಕಳ ಕಾದಂಬರಿಗಳತ್ತ ತಿರುಗಿ. ರೋಸ್‌ಮೇರಿ ಸಟ್‌ಕ್ಲಿಫ್ ರೋಮನ್ ಬ್ರಿಟನ್ನಿನ ಬಗ್ಗೆ ಬರೆದ ‘ದ ಈಗಲ್ ಆಫ್ ದ ನೈಂತ್’ (1954) ಸಿ. ವಾಲ್ಟರ್ ಹಾಜಸ್‌ನ ರೇಖಾಚಿತ್ರಗಳೊಂದಿಗೆ ಬಂತು. ಅದರ ನಂತರದ ‘ದ ಸಿಲ್ವರ್ ಬ್ರಾಂಚ್’ (1957), ‘ದ ಲ್ಯಾಂಟರ್ನ್ ಬೇರರ್ಸ್’ (1959) ಎರಡಕ್ಕೂ ಚಾರ್ಲ್ಸ್ ಕೀಪಿಂಗ್‌ನ ಚಿತ್ರಗಳಿವೆ. ಆಕ್ಸ್‌ಫರ್ಡ್ ಮುದ್ರಣಾಲಯದ ಹಳೆಯ ಗಟ್ಟಿರಟ್ಟಿನ ಪ್ರತಿಗಳನ್ನೇ ಕೇಳಿ. ಮಕ್ಕಳ ಪುಸ್ತಕವೆಂದು ಮೂಗು ಮುರಿಯಬೇಡಿ: ಕೀಪಿಂಗ್‌ನ ಕಪ್ಪು ಮಸಿಯ ಗೆರೆಯಲ್ಲಿ ಇರುವ ಬಿರುಸು ಎಷ್ಟೋ ಚರ್ಮದ ರಟ್ಟಿನ ಪುಸ್ತಕಗಳಲ್ಲಿ ಇಲ್ಲ.

ಕೊಳ್ಳುವ ಮುನ್ನ ಕಾದಂಬರಿಯನ್ನು ಓದಿರಬೇಕು ಎಂದು ಬೇರೆ ಹೇಳಬೇಕೇ? ಅಗ್ಗದ ಪ್ರತಿಯೊಂದನ್ನು ಓದಲು ಇಟ್ಟುಕೊಳ್ಳಿ. ಚಿತ್ರ ಬರಹದ ಯಾವ ಸಾಲಿಗೆ ಬಂದಿದೆ ಎಂದು ತಿಳಿಯದವರಿಗೆ ಆ ಚಿತ್ರ ಅರ್ಧ ಮಾತ್ರ ಕಾಣುತ್ತದೆ.

ಪ್ರಕಾಶಕರ ಕುಲಗೋತ್ರ

ಆಮೇಲೆ ಯಾರು ಯಾವ ಬಗೆಯ ಪುಸ್ತಕ ಮಾಡುತ್ತಿದ್ದರು ಎಂಬುದನ್ನು ಅರಿಯಬೇಕು.

ಫ್ರೆಂಚ್ ಪುಸ್ತಕಪ್ರಿಯರಿಗಾಗಿ ಬಂದ ಆವೃತ್ತಿಗಳಲ್ಲಿ ಒಂದೇ ಪುಸ್ತಕ ಹಲವು ದರ್ಜೆಗಳಲ್ಲಿ ಅಚ್ಚಾಗುತ್ತಿತ್ತು. ಕೆಲವೇ ಪ್ರತಿಗಳು ಜಪಾನಿ ಕಾಗದದ ಮೇಲೆ, ಚಿತ್ರಗಳ ಹೆಚ್ಚುವರಿ ಕಂತೆಯೊಂದಿಗೆ. ಉಳಿದವು ಸಾಧಾರಣ ಕಾಗದದ ಮೇಲೆ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಯಾವ ಕಾಗದ ಎಂಬುದು ಮುದ್ರಣ ವಿವರದ ಪುಟದಲ್ಲಿ ಇರುತ್ತದೆ. ನಿಮಗೆ ತೋರಿಸಿದ ಪ್ರತಿಯ ಸಂಖ್ಯೆಯನ್ನು ಆ ಪುಟದ ಜೊತೆ ತಾಳೆ ನೋಡಿ. ಈ ಪುಸ್ತಕಗಳು ಬರೀ ಕಾಗದದ ಹೊದಿಕೆಯಲ್ಲಿ ಮಾರಾಟವಾಗುತ್ತಿದ್ದವು. ಕೊಂಡವರು ತಮ್ಮ ಇಷ್ಟದಂತೆ ರಟ್ಟು ಕಟ್ಟಿಸಿಕೊಳ್ಳುತ್ತಿದ್ದರು. ಹಾಗಾಗಿ ಒಂದೇ ಆವೃತ್ತಿಯ ಎರಡು ಪ್ರತಿಗಳ ರಟ್ಟು ಬೇರೆಯಾಗಿದ್ದರೆ ಗಾಬರಿ ಬೇಡ. ಮೂಲ ಕಾಗದದ ಹೊದಿಕೆಯನ್ನು ರಟ್ಟಿನೊಳಗೆ ಸೇರಿಸಿ ಹೊಲಿಸಿದ್ದಾರೆಯೇ ಎಂಬುದೇ ಮುಖ್ಯ.

ಹೆಚ್ಚಿನವರಿಗೆ ಎಟುಕುವುದು ಲಿಮಿಟೆಡ್ ಎಡಿಷನ್ಸ್ ಕ್ಲಬ್. ಜಾರ್ಜ್ ಮೇಸಿ 1929ರಲ್ಲಿ ನ್ಯೂಯಾರ್ಕ್‌ನಲ್ಲಿ ಇದನ್ನು ಆರಂಭಿಸಿದ. ಸಾಮಾನ್ಯವಾಗಿ ಒಂದು ಪುಸ್ತಕಕ್ಕೆ 1500 ಪ್ರತಿ, ಕೊನೆಯಲ್ಲಿ ಸಂಖ್ಯೆ ಮತ್ತು ಕಲಾವಿದನ ಸಹಿ. ಪ್ರಾಚೀನ ಜಗತ್ತಿನ ಕಾದಂಬರಿಗಳ ಮೇಲೆ ಇವರಿಗೆ ವಿಶೇಷ ಒಲವಿತ್ತೇನೋ: ಕುರ್ಟ್ ಕ್ರೇಮರ್‌ನ ಪಾಂಪೆ (1956), ಸಾಲ್ವತೋರೆ ಫಿಯುಮೆಯ ‘ಕ್ವೊ ವಾಡಿಸ್’ (1959), ಮೇಲೆ ಹೇಳಿದ ಬಾಡನ್‌ನ ‘ಸಲಾಂಬೊ’, ಜೋ ಮುನ್ಯಾನಿಯ ‘ಬೆನ್ ಹರ್’ (1960) ನಾಲ್ಕೂ ಐದು ವರ್ಷಗಳ ಅಂತರದಲ್ಲಿ ಬಂದವು. ಮೊದಲ ಎರಡನ್ನು ರೂಪಿಸಿದ್ದು ವೆರೋನಾದ ಜೊವಾನಿ ಮಾರ್ಡರ್‌ಸ್ಟೈಗ್; ಇಪ್ಪತ್ತನೆಯ ಶತಮಾನದ ಅತ್ಯುತ್ತಮ ಮುದ್ರಕರ ಹೆಸರು ಹೇಳುವಾಗ ಬಿಡಲಾಗದ ಹೆಸರು. ಕೇವಲ ಅಕ್ಷರಜೋಡಣೆಯನ್ನು ನೋಡುವುದಕ್ಕಾಗಿಯೇ ಈ ಎರಡನ್ನು ಕೊಳ್ಳಬಹುದು. ನಾಲ್ಕೂ ಸೇರಿದರೆ ಅದೇ ಒಂದು ಒಪ್ಪವಾದ ಸಂಗ್ರಹ. ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ.

ಮೇಸಿಯೇ 1935ರಲ್ಲಿ ಹೆರಿಟೇಜ್ ಪ್ರೆಸ್ ಎಂಬ ಇನ್ನೊಂದು ಸಂಸ್ಥೆ ತೆರೆದ. ಎಷ್ಟೋ ಸಲ ಅವೇ ಚಿತ್ರಗಳು, ಆದರೆ ಸಂಖ್ಯೆಯಿಲ್ಲ, ಸಹಿಯಿಲ್ಲ, ಬೆಲೆ ಬಹಳ ಕಡಿಮೆ. ಓದಲೂ ನೋಡಲೂ ಅದು ಒಳ್ಳೆಯ ಪುಸ್ತಕವೇ. ಗೊಂದಲ ಹುಟ್ಟುವುದು ಮಾರುವವರು ಹೆರಿಟೇಜ್ ಪ್ರತಿಯನ್ನು ಕ್ಲಬ್ಬಿನ ಪ್ರತಿಯೆಂದು ತಿಳಿದೋ ತಿಳಿಯದೆಯೋ ಪಟ್ಟಿ ಮಾಡಿದಾಗ. ಸಹಿ ಮತ್ತು ಸಂಖ್ಯೆ ಇರುವ ಪುಟದ ಚಿತ್ರ ಕಳುಹಿಸಿ ಎಂದರೆ ಗೊಂದಲ ಮುಗಿಯಿತು. ಕ್ಲಬ್ಬಿನ ಪುಸ್ತಕಗಳ ಜೊತೆ ‘ಮಂತ್ಲಿ ಲೆಟರ್’ ಎಂಬ ಕರಪತ್ರ, ಹೆರಿಟೇಜ್ ಜೊತೆ ‘ಸ್ಯಾಂಡ್‌ಗ್ಲಾಸ್’ ಎಂಬ ಕರಪತ್ರ ಬರುತ್ತಿತ್ತು. ಕಲಾವಿದ, ಕಾಗದ, ಅಕ್ಷರದ ವಿವರಗಳೆಲ್ಲ ಅದರಲ್ಲಿವೆ, ಅದು ಉಳಿದಿದ್ದರೆ ಬಿಡಬೇಡಿ.

ಲಂಡನ್ನಿನ ಫೋಲಿಯೊ ಸೊಸೈಟಿ (1947ರಿಂದ) ಹೆಚ್ಚಾಗಿ ಮಾಡುವುದು ಸಂಖ್ಯೆಯ ಮಿತಿಯಿಲ್ಲದ, ಗಟ್ಟಿಯಾದ, ಸ್ಲಿಪ್‌ಕೇಸ್ (ಒಂದು ಬದಿ ತೆರೆದ ರಟ್ಟಿನ ಪೆಟ್ಟಿಗೆ) ಇರುವ ಪುಸ್ತಕಗಳನ್ನು. ಹಳೆಯ ಪುಸ್ತಕಗಳ ಪೇಟೆಯಲ್ಲಿ ಹೇರಳವಾಗಿರುವುದರಿಂದ ಸವೆದ ಪ್ರತಿಗೆ ಒಪ್ಪಿಕೊಳ್ಳುವ ಅಗತ್ಯವಿಲ್ಲ. ಇನ್ನು ಚರ್ಮದ ರಟ್ಟು, ಚಿನ್ನದ ಅಂಚಿನ ಈಸ್ಟನ್ ಪ್ರೆಸ್‌ನಂಥವು. ಮೇಲೆ ಥಳಕು ಒಳಗೆ ಹುಳುಕು ಎನ್ನುವಷ್ಟು ಕಟುವಾಗಬೇಕಿಲ್ಲ, ಆದರೆ ಒಳಗಿನ ಚಿತ್ರಗಳು ಹಲವು ಸಲ ಹೆರಿಟೇಜ್‌ನಿಂದ ಬಂದವೇ. ಚಿತ್ರಕ್ಕಾಗಿ ಕೊಳ್ಳುವವರು ಹಿಂದಿನ ಆವೃತ್ತಿಗೇ ಹೋಗಲಿ.

ಭೂತಗನ್ನಡಿ ಹಿಡಿದು ನೋಡುವುದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಸಣ್ಣ ಭೂತಗನ್ನಡಿ ಕೊಳ್ಳಿ. ಈ ಹವ್ಯಾಸದಲ್ಲಿ ಇದಕ್ಕಿಂತ ಒಳ್ಳೆಯ ಹೂಡಿಕೆ ಇಲ್ಲ. ಓರೆಯಾಗಿ ಬೀಳುವ ಬೆಳಕಿನಲ್ಲಿ ಪುಟವನ್ನು ಇಟ್ಟು, ಚಿತ್ರದ ತಿಳಿಬೂದು ಭಾಗವೊಂದನ್ನು ಆರಿಸಿ: ಆಕಾಶ, ಕೆನ್ನೆ, ಗೋಡೆಯ ನೆರಳು. ಕಡುಕಪ್ಪಿನಲ್ಲಿ ಎಲ್ಲ ವಿಧಾನಗಳೂ ಒಂದೇ ಥರ ಕಾಣುತ್ತವೆ, ಗುಟ್ಟು ಬಯಲಾಗುವುದು ತಿಳಿಬಣ್ಣದಲ್ಲಿ.

ಅಲ್ಲಿ ಸಾಲುಸಾಲಾಗಿ, ಸಮಾನ ಅಂತರದಲ್ಲಿ ಚುಕ್ಕೆಗಳು ಕಂಡರೆ ಅದು ಹಾಫ್‌ಟೋನ್, ಅಂದರೆ ಚಿತ್ರವನ್ನು ಸಣ್ಣ ಚುಕ್ಕೆಗಳಾಗಿ ಒಡೆದು ಅಚ್ಚು ಮಾಡುವ ವಿಧಾನ. ಬಣ್ಣದ ಚಿತ್ರವಾಗಿದ್ದರೆ ಚುಕ್ಕೆಗಳು ಸೇರಿ ಪುಟ್ಟ ಹೂವಿನಂಥ ವೃತ್ತಗಳಾಗುತ್ತವೆ. ಹಾಫ್‌ಟೋನ್ ಎಂದರೆ ಕೀಳೆಂದಲ್ಲ, 1890ರ ನಂತರದ ಎಷ್ಟೋ ಪುಸ್ತಕಗಳ ಚಿತ್ರಗಳು ಮೂಲದಲ್ಲೇ ಹಾಗೆ ಬಂದವು. ಆದರೆ ‘ಎಚ್ಚಿಂಗ್’ ಎಂದು ಮಾರಲಾಗುತ್ತಿರುವ ಫಲಕದ (ಬೇರೆಯಾಗಿ ಅಚ್ಚು ಮಾಡಿ ಪುಸ್ತಕಕ್ಕೆ ಸೇರಿಸಿದ ಚಿತ್ರದ ಹಾಳೆಯ) ಗೆರೆಗಳು ಭೂತಗನ್ನಡಿಯಲ್ಲಿ ಚುಕ್ಕೆಗಳಾಗಿ ಒಡೆದರೆ, ನಿಮ್ಮ ಕೈಯಲ್ಲಿರುವುದು ಎಚ್ಚಿಂಗ್‌ನ ಛಾಯಾಪ್ರತಿ.

ಫೋಟೊಗ್ರೇವ್ಯೂರ್‌ನಲ್ಲಿ ಚುಕ್ಕೆಗಳ ಸಾಲು ಇರುವುದಿಲ್ಲ. ಬೂದಿ ಉದುರಿದ ಹಾಗೆ ಅಡ್ಡಾದಿಡ್ಡಿಯಾದ ನುಣ್ಣನೆಯ ಕಣಗಳು, ಕಪ್ಪಿನಿಂದ ಬಿಳಿಗೆ ಗೆರೆಯಿಲ್ಲದೆ ಕರಗುವ ಛಾಯೆ. ಅದೂ ಎಚ್ಚಿಂಗ್ ಕೂಡ ತಗ್ಗಿನಲ್ಲಿ ಶಾಯಿ ತುಂಬಿದ ಲೋಹದ ತಗಡಿನಿಂದ ಬರುವುದರಿಂದ, ಒತ್ತಡಕ್ಕೆ ಕಾಗದದ ಮೇಲೆ ತಗಡಿನ ಅಂಚಿನ ಚೌಕಟ್ಟು ಮೂಡುತ್ತದೆ. ಪುಟವನ್ನು ಓರೆಯಾಗಿ ಹಿಡಿದರೆ ಚಿತ್ರದ ಸುತ್ತ ಆ ತಗ್ಗು ಕಾಣುತ್ತದೆ. ತಗಡು ಪುಟಕ್ಕಿಂತ ದೊಡ್ಡದಾಗಿದ್ದರೆ ಅಥವಾ ಅಂಚು ಕತ್ತರಿಸಿದ್ದರೆ ಕಾಣದಿರಬಹುದು. ಎಚ್ಚಿಂಗ್‌ನ ಕಪ್ಪು ಗೆರೆಯಲ್ಲಿ ಶಾಯಿ ಕಾಗದಕ್ಕಿಂತ ತುಸು ಎದ್ದು ನಿಂತಿರುತ್ತದೆ.

ಮರದಚ್ಚಿನಲ್ಲಿ ಇದಕ್ಕೆ ಉಲ್ಟಾ. ಎತ್ತರದ ಭಾಗಕ್ಕೆ ಶಾಯಿ ಹಚ್ಚಿ ಒತ್ತುವುದರಿಂದ ಗೆರೆ ಕಾಗದದೊಳಗೆ ಕುಳಿತಿರುತ್ತದೆ, ಶಾಯಿ ಗೆರೆಯ ಎರಡು ಬದಿಗೆ ಒತ್ತರಿಸಿ ಅಂಚು ನಡುವಿಗಿಂತ ದಟ್ಟವಾಗಿರುತ್ತದೆ. ಹಳೆಯ ಅಚ್ಚುಮೊಳೆಯ ಅಕ್ಷರಗಳಲ್ಲೂ ಇದೇ ಅಂಚು ಕಾಣುತ್ತದೆ, ಆದ್ದರಿಂದ ಅದೇ ಪುಸ್ತಕದ ಅಕ್ಷರವೊಂದನ್ನು ಮೊದಲು ನೋಡಿ ಕಣ್ಣನ್ನು ಪಳಗಿಸಿಕೊಳ್ಳಬಹುದು. ಪುಟದ ಹಿಂಬದಿಯನ್ನು ಬೆರಳ ತುದಿಯಿಂದ ಸವರಿದರೆ ಉಬ್ಬು ಸಿಕ್ಕೀತು. ಕಲ್ಲಚ್ಚಿನಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಒರಟು ಕಲ್ಲಿನ ಮೇಲೆ ಕ್ರೇಯಾನ್ ಎಳೆದ ಜಾಡು ಮಾತ್ರ. ಫ್ರೆಂಚರು ಬಹುವಾಗಿ ಬಳಸಿದ ‘ಪೊಶ್ವಾರ್’ ವಿಧಾನದಲ್ಲಿ ಕತ್ತರಿಸಿದ ತಗಡಿನ ಮೂಲಕ ಕೈಯಿಂದಲೇ ಬಣ್ಣ ಹಚ್ಚುತ್ತಿದ್ದರು. ಬಣ್ಣದ ಅಂಚು ಚೂಪಾಗಿ, ಕೆಲವೆಡೆ ಗಟ್ಟಿಯಾಗಿ ನಿಂತು, ಕುಂಚದ ಗುರುತನ್ನು ಬಿಟ್ಟಿರುತ್ತದೆ.

ಬೇಡಿಕೆಗೆ ತಕ್ಕಂತೆ ಒಂದೊಂದೇ ಪ್ರತಿ ಅಚ್ಚು ಮಾಡುವ ಈಗಿನ ಮರುಮುದ್ರಣಗಳು ಹಳೆಯ ಆವೃತ್ತಿಯ ಹೆಸರನ್ನೂ ಇಸವಿಯನ್ನೂ ಹೊತ್ತು ಮಾರಾಟವಾಗುತ್ತವೆ. ಅವುಗಳಲ್ಲಿ ಗೆರೆಯ ಅಂಚು ಗರಗಸದ ಹಲ್ಲಿನಂತಿರುತ್ತದೆ, ತಿಳಿಬಣ್ಣಗಳು ಸತ್ತಿರುತ್ತವೆ, ಕಾಗದ ಫೋಟೊಕಾಪಿಯ ಬಿಳುಪು.

ಚಿತ್ರಗಳನ್ನು ಎಣಿಸಿ

ಸಚಿತ್ರ ಪುಸ್ತಕದ ದೊಡ್ಡ ಶತ್ರು ಹುಳು ಅಲ್ಲ, ಬ್ಲೇಡು. ಚಿತ್ರಗಳನ್ನು ಕತ್ತರಿಸಿ ಚೌಕಟ್ಟು ಹಾಕಿ ಮಾರುವುದು ಹಳೆಯ ದಂಧೆ. ಪುಸ್ತಕದ ಆರಂಭದಲ್ಲಿ ಚಿತ್ರಗಳ ಪಟ್ಟಿ ಇದ್ದರೆ ಒಂದೊಂದನ್ನೂ ಪುಟದೊಂದಿಗೆ ಹೋಲಿಸಿ. ಪಟ್ಟಿ ಇಲ್ಲದಿದ್ದರೆ, ಹಕ್ಕುಸ್ವಾಮ್ಯ ಮುಗಿದ ಆವೃತ್ತಿಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್, ಹಾಥಿಟ್ರಸ್ಟ್, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾಗಳಲ್ಲಿ ಸಿಕ್ಕರೆ ಅವುಗಳನ್ನು ತೆರೆದಿಟ್ಟುಕೊಂಡು ತಾಳೆ ನೋಡಿ. ಚಿತ್ರಫಲಕಗಳಿಗೆ ಪುಟಸಂಖ್ಯೆ ಇರುವುದಿಲ್ಲವಾದ್ದರಿಂದ ಪುಟಗಳು ಸರಿಯಾಗಿವೆ ಎಂಬುದೊಂದೇ ಸಾಲದು. ಪುಟಗಳು ಹೊಲಿಗೆಗೆ ಸೇರುವ ಒಳ ಅಂಚಿನಲ್ಲಿ ಕತ್ತರಿಸಿದ ಸಣ್ಣ ಪಟ್ಟಿ ಉಳಿದಿದೆಯೇ, ಎದುರು ಪುಟದಲ್ಲಿ ಇಲ್ಲದ ಚಿತ್ರದ ಕಂದು ನೆರಳು ಬಿದ್ದಿದೆಯೇ ಎಂದು ಹುಡುಕಿ. ಈ ನೆರಳು ಕಳ್ಳತನಕ್ಕೆ ಸಾಕ್ಷಿ.

ಫಲಕದ ಮುಂದೆ ತೆಳುಕಾಗದ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ, ಕೆಲವು ಆವೃತ್ತಿಗಳಲ್ಲಿ ಚಿತ್ರದ ಶೀರ್ಷಿಕೆ ಅದರ ಮೇಲೆಯೇ ಅಚ್ಚಾಗಿರುತ್ತದೆ.

ಮಾರುವವರೊಡನೆ ಮಾತು

ಏಬ್‌ಬುಕ್ಸ್, ವಯಾಲಿಬ್ರಿಯಂಥ ತಾಣಗಳಲ್ಲಿ ಒಂದೇ ಆವೃತ್ತಿಯ ಹಲವು ಪ್ರತಿಗಳು ಒಟ್ಟಿಗೆ ಕಾಣುತ್ತವೆ. ಅಗ್ಗದ್ದನ್ನೂ ದುಬಾರಿಯದನ್ನೂ ಬಿಟ್ಟು ನಡುವಿನವುಗಳ ವಿವರಣೆ ಓದಿ, ಬೆಲೆಯ ಅಂದಾಜು ಸಿಗುತ್ತದೆ. ಪುಸ್ತಕ ವ್ಯಾಪಾರದ ಭಾಷೆಯಲ್ಲಿ ‘ಫೈನ್’ ಎಂದರೆ ಕುಂದಿಲ್ಲದ್ದು, ‘ವೆರಿ ಗುಡ್’ ಎಂದರೆ ಸಣ್ಣಪುಟ್ಟ ಸವೆತ ಇರುವಂಥದ್ದು, ‘ಗುಡ್’ ಎಂದರೆ ಸಾಕಷ್ಟು ಸವೆದದ್ದು ಎಂದು ಅರ್ಥ. ‘ಎಕ್ಸ್ ಲೈಬ್ರರಿ’ ಎಂದಿದ್ದರೆ ಗ್ರಂಥಾಲಯದ ಠಸ್ಸೆ ಚಿತ್ರಗಳ ಮೇಲೂ ಬಿದ್ದಿರಬಹುದು.

ಪತ್ರದಲ್ಲಿ ಕೇಳಬೇಕಾದದ್ದು ಹೆಚ್ಚಿಲ್ಲ: ಎಲ್ಲ ಫಲಕಗಳೂ ಇವೆಯೇ, ಎಣಿಸಿ ನೋಡಿದ್ದೀರಾ? ಸಂಖ್ಯೆ, ಸಹಿ ಇರುವ ಪುಟದ ಚಿತ್ರ ಸಿಗುತ್ತದೆಯೇ? ಫಲಕಗಳ ಮೇಲೆ ಕಂದು ಚುಕ್ಕೆಗಳಿವೆಯೇ, ಇದ್ದರೆ ಅಂಚಿನಲ್ಲೋ ಚಿತ್ರದ ಮೇಲೋ? ಬೆನ್ನಿನ ಬಣ್ಣ ಮಾಸಿದೆಯೇ? ಪುಸ್ತಕದಲ್ಲಿ ಹೊಗೆಯ ಅಥವಾ ಬೂಷ್ಟಿನ ವಾಸನೆ ಇದೆಯೇ? ಕೊನೆಯದನ್ನು ಕೇಳಲು ಸಂಕೋಚಪಡುವವರೇ ಹೆಚ್ಚು. ಚುಕ್ಕೆಯೊಂದಿಗೆ ಬದುಕಬಹುದು, ಬೂಷ್ಟಿನ ವಾಸನೆಯೊಂದಿಗೆ ಆಗದು.

ಚಿತ್ರ ನಿಜ ಹೇಳುತ್ತಿದೆಯೇ?

ಇದು ಕೊಳ್ಳಲು ಬೇಕಾದ ಹೆಜ್ಜೆಯಲ್ಲ, ಆದರೆ ಸಂಗ್ರಹದ ಸುಖದಲ್ಲಿ ಅರ್ಧ ಪಾಲು ಇಲ್ಲೇ ಇದೆ. ರೋಮನ್ ಸವಾರನ ಕಾಲು ರಿಕಾಪಿನಲ್ಲಿ (ಜೀನಿನಿಂದ ತೂಗುವ ಕಾಲಿಡುವ ಬಳೆಯಲ್ಲಿ) ಇದ್ದರೆ ಕಲಾವಿದ ಎಡವಿದ್ದಾನೆ; ರಿಕಾಪು ಯುರೋಪಿಗೆ ಬಂದದ್ದು ಕ್ರಿ.ಶ. 6-7ನೇ ಶತಮಾನದ ಹೊತ್ತಿಗೆ. ಅಖಾಡದ ಪ್ರೇಕ್ಷಕರು ಹೆಬ್ಬೆರಳನ್ನು ಕೆಳಕ್ಕೆ ತೋರಿಸುತ್ತಿದ್ದರೆ ಆ ಭಂಗಿ ಹೆಚ್ಚಾಗಿ ಫ್ರೆಂಚ್ ಕಲಾವಿದ ಜೆರೋಮ್‌ನ 1872ರ ತೈಲಚಿತ್ರದಿಂದ ಬಂದದ್ದು. ಅಮೃತಶಿಲೆಯ ವಿಗ್ರಹಗಳು ಅಚ್ಚಬಿಳಿಯಾಗಿದ್ದರೆ ಅದೂ ನಂತರದವರ ಕಲ್ಪನೆ, ಪ್ರಾಚೀನರು ಅವಕ್ಕೆ ಬಣ್ಣ ಬಳಿಯುತ್ತಿದ್ದರು. ತಪ್ಪು ಕೆಲವೊಮ್ಮೆ ಲೇಖಕನದೇ: ಬೆನ್ ಹರ್ ಸರಪಳಿಯಲ್ಲಿ ಹುಟ್ಟು ಹಾಕುವ ದೃಶ್ಯ ಕಲಾವಿದರಿಗೆ ಅಚ್ಚುಮೆಚ್ಚು, ಆದರೆ ರೋಮನ್ ನೌಕಾಪಡೆಯಲ್ಲಿ ಹುಟ್ಟು ಹಾಕುತ್ತಿದ್ದವರು ಸಾಮಾನ್ಯವಾಗಿ ಸ್ವತಂತ್ರರು. ಇಂಥ ತಪ್ಪಿಗಾಗಿ ಪುಸ್ತಕವನ್ನು ಬಿಡಬೇಡಿ. ಪ್ರತಿಯೊಂದು ಕಾಲವೂ ತನಗೆ ಬೇಕಾದ ರೋಮ್ ಅನ್ನು ಬರೆದುಕೊಂಡಿದೆ, ಅದನ್ನು ಸಾಲಾಗಿ ಜೋಡಿಸಿ ನೋಡಲೆಂದೇ ಅಲ್ಲವೇ ಒಂದೇ ಕಾದಂಬರಿಯ ಬೆನ್ನು ಹತ್ತಿದ್ದು.

ಮನೆಗೆ ಬಂದ ಮೇಲೆ

ತೇವಾಂಶ ಶೇಕಡಾ 35ರಿಂದ 55ರ ಒಳಗೆ ಇರಲಿ, ಅದಕ್ಕಿಂತಲೂ ಮುಖ್ಯವಾಗಿ ದಿನದಿಂದ ದಿನಕ್ಕೆ ಏರಿಳಿಯದಿರಲಿ. ಸಣ್ಣ ತೇವಮಾಪಕವೊಂದನ್ನು ಕಪಾಟಿನೊಳಗೇ ಇಡಿ. ಹೊರಗೋಡೆಗೆ ತಾಗಿದ ಕಪಾಟು, ಕಿಟಕಿಯ ಎದುರಿನ ಕಪಾಟು ಎರಡೂ ಬೇಡ. ಬಿಸಿಲಿಗೆ ಮೊದಲು ಮಾಸುವುದು ಪುಸ್ತಕದ ಬೆನ್ನು. ಸ್ಲಿಪ್‌ಕೇಸ್‌ನಿಂದ ಪುಸ್ತಕ ತೆಗೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳು ಹಾಕಿ ಎಳೆಯಬೇಡಿ, ಪೆಟ್ಟಿಗೆಯ ಬಾಯಿಯನ್ನು ಅಂಗೈ ಕಡೆಗೆ ಬಾಗಿಸಿ ತಾನಾಗಿ ಜಾರಿ ಬರಲು ಬಿಡಿ. ದೊಡ್ಡ ಆಕಾರದ, ಭಾರವಾದ ಸಂಪುಟಗಳು ಮಲಗಿರುವುದೇ ಲೇಸು. ಓದುವಾಗ ಪುಸ್ತಕವನ್ನು 180 ಡಿಗ್ರಿ ಬಿಚ್ಚದೆ ಎರಡು ಬದಿಗೆ ದಿಂಬು ಕೊಡಿ.

ತೆಳುಕಾಗದ ಕಂದಾಗಿ ಚಿತ್ರದ ಮೇಲೆ ಕಲೆ ಬಿಡುತ್ತಿದ್ದರೆ, ಅದನ್ನು ಕಿತ್ತೆಸೆಯದೆ ನಡುವೆ ಆಮ್ಲರಹಿತ ತೆಳುಕಾಗದವೊಂದನ್ನು ಸೇರಿಸಿ. ಹೊಸದಾಗಿ ಬಂದ ಪುಸ್ತಕವನ್ನು ನೇರವಾಗಿ ಇತರ ಪುಸ್ತಕಗಳ ಸಾಲಿಗೆ ಸೇರಿಸದೆ ಕೆಲವು ವಾರ ಬೇರೆಯಾಗಿ ಇಟ್ಟು, ಹುಳುವಿನ ಪುಡಿ ಉದುರುತ್ತದೆಯೇ ಎಂದು ಗಮನಿಸಿ.

ಪ್ರತಿಯೊಂದಕ್ಕೂ ಒಂದು ಚೀಟಿ ಬರೆಯಿರಿ: ಕಲಾವಿದ, ಮುದ್ರಕ, ಇಸವಿ, ಚಿತ್ರದ ವಿಧಾನ, ಫಲಕಗಳ ಎಣಿಕೆ, ಪ್ರತಿಯ ಸಂಖ್ಯೆ, ಎಲ್ಲಿಂದ ಬಂತು, ಏನು ಕೊಟ್ಟಿರಿ. ಮೆದು ಪೆನ್ಸಿಲ್ಲಿನಲ್ಲಿ, ಆಮ್ಲರಹಿತ ಕಾಗದದ ಮೇಲೆ. ಪುಸ್ತಕದೊಳಗೆ ಅಂಟಿಸದೆ ಸುಮ್ಮನೆ ಇಟ್ಟರೆ ಸಾಕು. ಕಳಚಿದ ಫಲಕ ಸಿಕ್ಕರೆ ಗೋಂದು, ಸೆಲ್ಲೊಟೇಪು ಯಾವುದನ್ನೂ ಹತ್ತಿರ ತರಬೇಡಿ. ಅದರ ಜಾಗದಲ್ಲೇ ಇಟ್ಟು, ಪುಸ್ತಕಕ್ಕೆ ಸುತ್ತಲೂ ಅಗಲವಾದ ಹತ್ತಿಯ ಪಟ್ಟಿಯನ್ನು ಸಡಿಲವಾಗಿ ಕಟ್ಟಿ, ಕಾಗದದ ಸಂರಕ್ಷಣೆ ಬಲ್ಲವರ ಕೈಗೆ ಸಿಗುವವರೆಗೂ ಹಾಗೇ ಬಿಡಿ.